ಎರಡು ಡಬ್ಬಿ ಮಾತ್ರೆ, ಒಂದೇ ದೇಹ: ಎಚ್‌ಐವಿಯ ಜೊತೆಗೇ ವಯಸ್ಸಾದವರ ಬಿಪಿ, ಶುಗರ್, ಕಿಡ್ನಿಯ ಕಥೆ

ನನಗೆ ಗೊತ್ತಿರುವ ಒಬ್ಬ ಅಕ್ಕನ ಮನೆಯಲ್ಲಿ ಮಾತ್ರೆಗಳಿಗೆ ಎರಡು ಜಾಗ. ಶುಗರ್ ಮಾತ್ರೆ, ಬಿಪಿ ಮಾತ್ರೆ, ಮಂಡಿ ನೋವಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ಇರುತ್ತವೆ. ಇನ್ನೊಂದು ಡಬ್ಬಿ ಟ್ರಂಕಿನಲ್ಲಿ, ಮಡಿಸಿಟ್ಟ ಸೀರೆಗಳ ಕೆಳಗೆ. ಅದರ ಮೇಲಿನ ಲೇಬಲ್ ಕಿತ್ತುಹಾಕಿದ್ದಾರೆ. ತೆಗೆಯುವಾಗ ಮಾತ್ರೆ ಗಲಗಲ ಅನ್ನಬಾರದು ಅಂತ ಒಳಗೆ ಹತ್ತಿ ತುರುಕಿದ್ದಾರೆ. ಸೊಸೆ ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಎದ್ದು ಒಂದು ಮಾತ್ರೆ ನುಂಗುತ್ತಾರೆ.

"ಶುಗರ್ ಗುಳಿಗಿ ಯಾರ್ ನೋಡಿದ್ರೂ ನಡಿತೈತಿ ತಮ್ಮಾ. ಇದು ಹಂಗಲ್ಲ" ಅಂದರು ಒಮ್ಮೆ.

ಉತ್ತರ ಕರ್ನಾಟಕದವರು. ವಯಸ್ಸು 58. ಗಂಡ ತೀರಿಕೊಂಡ ಮರುವರ್ಷ, 2005ರಲ್ಲಿ, ತಮಗೂ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಆಗ ಮಗನಿಗೆ ಎಂಟು ವರ್ಷ. ಅವನು ಹತ್ತನೇ ಕ್ಲಾಸ್ ಮುಗಿಸುವವರೆಗೆ ಬದುಕಿದ್ದರೆ ಸಾಕು ಅಂದುಕೊಂಡಿದ್ದರಂತೆ. ಈಗ ಮನೆಯಲ್ಲಿ ಮೊಮ್ಮಗಳಿದ್ದಾಳೆ. ವೈರಸ್ ಇಪ್ಪತ್ತು ವರ್ಷದಿಂದ ಹೆಚ್ಚುಕಮ್ಮಿ ಹದ್ದುಬಸ್ತಿನಲ್ಲಿದೆ. ಅಕ್ಕನನ್ನು ಈಗ ಕಾಡುತ್ತಿರುವುದು ಕಿಟಕಿಯಲ್ಲಿಟ್ಟ ಮಾತ್ರೆಗಳ ಕಾಯಿಲೆ. ಜೊತೆಗೆ, ಕಿಟಕಿಯ ಮಾತ್ರೆಗೂ ಟ್ರಂಕಿನ ಮಾತ್ರೆಗೂ ಒಂದಕ್ಕೊಂದು ಪರಿಚಯವೇ ಇಲ್ಲದಿರುವುದು. ಈ ಎರಡನೆಯದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಅಕ್ಕನಂತೆ ಎಚ್‌ಐವಿಯ ಜೊತೆಗೇ ವಯಸ್ಸಾದ ಇವರೆಲ್ಲ ಇಷ್ಟು ವರ್ಷ ಹೇಗೆ ಉಳಿದರು ಅನ್ನುವುದನ್ನು ನೆನಪಿಸಿಕೊಳ್ಳಬೇಕು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನು ಕಂಡುಹಿಡಿದರು. ಅದಾದ ಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬಡವರಿಗೆ ಇದು ಸಾವಿನ ಚೀಟಿಯೇ ಆಗಿತ್ತು. ಔಷಧ ಇತ್ತು, ಆದರೆ ಅದರ ಬೆಲೆ ಕೇಳುವಂತಿರಲಿಲ್ಲ. 2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇವೆ ಅಂದಾಗ ಇಡೀ ಜಗತ್ತಿನ ಲೆಕ್ಕಾಚಾರ ಬದಲಾಯಿತು. 2004ರ ಏಪ್ರಿಲ್ 1ರಂದು ನಮ್ಮ ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ, ಕೊಡಲು ಶುರುಮಾಡಿತು. ಮೊದಲ ಕಂತಿನ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ ದೂರದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸು ಹಿಡಿದು ಜನ ಬರುತ್ತಿದ್ದ ಕಾಲ ಅದು.

ಇವತ್ತು ದೇಶದಲ್ಲಿ ಎಚ್‌ಐವಿ ಇರುವವರು ಸುಮಾರು 25 ಲಕ್ಷ. ಕರ್ನಾಟಕದಲ್ಲೇ ಎರಡೂಮುಕ್ಕಾಲು ಲಕ್ಷದ ಆಸುಪಾಸು. ದೇಶದ ಸರಾಸರಿಗೆ ಹೋಲಿಸಿದರೆ ನಮ್ಮ ರಾಜ್ಯದಲ್ಲಿ ಸೋಂಕಿನ ಪ್ರಮಾಣ ದುಪ್ಪಟ್ಟು. 2004ರಲ್ಲಿ ಮೂವತ್ತೈದರ ಪ್ರಾಯದಲ್ಲಿ ಮಾತ್ರೆ ಶುರುಮಾಡಿದವರು ಈಗ ಐವತ್ತೈದು ದಾಟಿದ್ದಾರೆ. ಅಮೆರಿಕದಲ್ಲಿ ಎಚ್‌ಐವಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ 50 ದಾಟಿದವರು. ನಾವೂ ಅದೇ ದಾರಿಯಲ್ಲಿದ್ದೇವೆ. ಇದು ಸಂತೋಷದ ವಿಷಯ. ಆದರೆ ನಮ್ಮ ಆಸ್ಪತ್ರೆಗಳ ವ್ಯವಸ್ಥೆ ಈ ಸಂತೋಷಕ್ಕೆ ಇನ್ನೂ ಸಿದ್ಧವಾಗಿಲ್ಲ.

ವಯಸ್ಸಾದರೆ ಬಿಪಿ, ಶುಗರ್ ಎಲ್ಲರಿಗೂ ಬರುತ್ತದೆ ಅಲ್ವಾ, ಇವರದ್ದೇನು ವಿಶೇಷ ಅಂತ ಕೇಳಬಹುದು. ವಿಶೇಷ ಇದೆ.

ಮಾತ್ರೆ ಸರಿಯಾಗಿ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗಾದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಆದರೆ ವೈರಸ್ ದೇಹ ಬಿಟ್ಟು ಹೋಗಿರುವುದಿಲ್ಲ. ಕೆಲವು ಜೀವಕೋಶಗಳ ಒಳಗೆ ಅಡಗಿ ಕೂತಿರುತ್ತದೆ. ಮೊದಲ ದಿನಗಳಲ್ಲೇ ಅದು ಕರುಳಿನ ಗೋಡೆಯಲ್ಲಿರುವ ರಕ್ಷಣಾ ಕಣಗಳಿಗೆ ದೊಡ್ಡ ಪೆಟ್ಟು ಕೊಟ್ಟಿರುತ್ತದೆ. ಆ ಗೋಡೆ ಪೂರ್ತಿ ದುರಸ್ತಿಯಾಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ಚೂರುಗಳು ಸಣ್ಣಗೆ ರಕ್ತಕ್ಕೆ ಸೋರುತ್ತಲೇ ಇರುತ್ತವೆ. ದೇಹದ ಕಾವಲು ಪಡೆ ಹಗಲು ರಾತ್ರಿ ಎಚ್ಚರದಲ್ಲೇ ಇರಬೇಕಾಗುತ್ತದೆ. ಒಲೆ ಆರಿಸಿದ ಮೇಲೂ ಬೂದಿಯೊಳಗೆ ಕೆಂಡ ಇರುತ್ತದಲ್ಲ, ಹಾಗೆ ಒಂದು ಸಣ್ಣ ಉರಿಯೂತ ವರ್ಷಗಟ್ಟಲೆ ಉಳಿಯುತ್ತದೆ. ರಕ್ತನಾಳಗಳ ಒಳಗೋಡೆಯನ್ನು ಕೆಡಿಸುವುದು ಈ ಕಾವೇ.

ಚಿಕಿತ್ಸೆ ತಡವಾಗಿ ಶುರುವಾದವರಿಗೆ ಈ ಪೆಟ್ಟು ಜಾಸ್ತಿ. ನಮ್ಮಲ್ಲಿ ಹಿರಿಯರೆಲ್ಲ ತಡವಾಗಿ ಶುರುಮಾಡಿದವರೇ. 2004ರಲ್ಲಿ ಸಿಡಿ4 ಎಣಿಕೆ, ಅಂದರೆ ರಕ್ತದಲ್ಲಿರುವ ರಕ್ಷಣಾ ಕಣಗಳ ಲೆಕ್ಕ, 200ಕ್ಕಿಂತ ಕೆಳಗೆ ಇಳಿದವರಿಗೆ ಅಥವಾ ಕಾಯಿಲೆ ತೀರಾ ಮುಂದುವರಿದವರಿಗೆ ಮಾತ್ರ ಔಷಧ ಸಿಗುತ್ತಿತ್ತು. ಆರೋಗ್ಯವಂತರಲ್ಲಿ ಆ ಎಣಿಕೆ ಸಾಮಾನ್ಯವಾಗಿ 500ಕ್ಕಿಂತ ಮೇಲಿರುತ್ತದೆ. "ಇನ್ನೂ ಇಳಿದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ" ಅನ್ನಿಸಿಕೊಂಡು ವಾಪಸ್ ಹೋದವರು ಎಷ್ಟೋ ಜನ. ಆ 200ರ ಗೆರೆ ನಿಧಾನಕ್ಕೆ ಮೇಲೇರಿತು. ಸೋಂಕು ಪತ್ತೆಯಾದ ಎಲ್ಲರಿಗೂ ಔಷಧ ಅನ್ನುವ ನಿಯಮ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಕಾದ ವರ್ಷಗಳು ಈಗ ಹೃದಯ, ಕಿಡ್ನಿಯ ಲೆಕ್ಕದಲ್ಲಿ ಕಾಣಿಸುತ್ತಿವೆ.

ಹಳೆಯ ಔಷಧಗಳ ಬಾಕಿಯೂ ಇದೆ. ಆಗಿನ ಮಾತ್ರೆಯಲ್ಲಿ ಸ್ಟಾವುಡಿನ್ ಅನ್ನುವ ಔಷಧ ಇರುತ್ತಿತ್ತು. ಅಗ್ಗ, ಜೀವ ಉಳಿಸುತ್ತಿತ್ತು. ಆದರೆ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು. ಪಾದ ಉರಿ, ಜೋಮು ಶುರುವಾಗುತ್ತಿತ್ತು. ಅದನ್ನು ನಿಲ್ಲಿಸುತ್ತಾ ಬನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ಮಾತ್ರೆ ನಿಂತರೂ ಎಷ್ಟೋ ಜನರಿಗೆ ಪಾದದ ಜೋಮು ಹೋಗಲಿಲ್ಲ. ಅದರ ಮೇಲೆ ಈಗ ಸಕ್ಕರೆ ಕಾಯಿಲೆ ಬಂದರೆ? ಮೊದಲೇ ಸ್ಪರ್ಶ ಕಡಿಮೆಯಾದ ಪಾದಕ್ಕೆ ಗಾಯವಾದರೂ ಗೊತ್ತಾಗುವುದಿಲ್ಲ. ನಮ್ಮ ಅಕ್ಕನ ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿಯ ಮೊಳೆ ಚುಚ್ಚಿ ಎರಡು ದಿನ ಆದ ಮೇಲೆ ಮೊಮ್ಮಗಳು "ಅಜ್ಜಿ, ರಕ್ತ" ಅಂದಾಗಲೇ ಅವರು ನೋಡಿಕೊಂಡದ್ದು.

ಹೃದಯದ ವಿಷಯದಲ್ಲಿ ಒಳ್ಳೆಯ ಸುದ್ದಿಯೂ ಇದೆ. ಎಚ್‌ಐವಿ ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಇದನ್ನು ತಡೆಯಬಹುದೇ ಅಂತ ನೋಡಲು ರಿಪ್ರೀವ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. 40ರಿಂದ 75 ವರ್ಷದ 7,769 ಜನ ಅದರಲ್ಲಿದ್ದರು. ಭಾರತದವರೂ ಇದ್ದರು. ಎಲ್ಲರೂ ಎಚ್‌ಐವಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದವರು. ಮಾಮೂಲಿ ಲೆಕ್ಕದಲ್ಲಿ ನೋಡಿದರೆ ಹೃದಯಕ್ಕೆ ಹೇಳಿಕೊಳ್ಳುವಂಥ ಅಪಾಯ ಇರದವರು. ಅರ್ಧದಷ್ಟು ಜನರಿಗೆ ದಿನಕ್ಕೊಂದು ಪಿಟವಾಸ್ಟಾಟಿನ್ ಮಾತ್ರೆ (ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನದು), ಇನ್ನರ್ಧಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಸ್ಟಾಟಿನ್ ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ದೊಡ್ಡ ಅನಾಹುತಗಳು 35 ಶೇಕಡ ಕಡಿಮೆ. ಲಾಭ ಇಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2024ರಲ್ಲಿ ಅಮೆರಿಕದ ಚಿಕಿತ್ಸಾ ಮಾರ್ಗಸೂಚಿಗೂ ಇದು ಸೇರಿತು.

ಇದರ ಅರ್ಥ ನಮ್ಮ ಮಟ್ಟಿಗೆ ಬಹಳ ಸರಳ. ಎಚ್‌ಐವಿ ಇರುವ 45 ವರ್ಷದವರ ಕೊಲೆಸ್ಟ್ರಾಲ್ ರಿಪೋರ್ಟ್ ನಾರ್ಮಲ್ ಅಂತ ಬಂದರೂ "ಏನೂ ತೊಂದರೆ ಇಲ್ಲ, ಹೋಗಿ" ಅನ್ನುವಂತಿಲ್ಲ. ಸೋಂಕನ್ನೂ ಒಂದು ಅಪಾಯವಾಗಿ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೆ ಎದುರಿಗಿರುವ ಡಾಕ್ಟರಿಗೆ ಸೋಂಕಿನ ವಿಷಯ ಗೊತ್ತಿರಬೇಕು. ಅಲ್ಲೇ ಎಲ್ಲ ಸಿಕ್ಕಿಕೊಳ್ಳುವುದು.

ಈಗ ಆ ಎರಡು ಡಬ್ಬಿಗಳ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಿಮ್ಮ ಮನೆಯವರಿಗೋ ಪರಿಚಯದವರಿಗೋ ಇದು ನೇರವಾಗಿ ಉಪಯೋಗಕ್ಕೆ ಬರಬಹುದು.

ಎಆರ್‌ಟಿ ಕೇಂದ್ರಗಳಲ್ಲಿ ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ ಅನ್ನುವ ಒಂದೇ ಮಾತ್ರೆ. ಅದರೊಳಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಅಂತ ಮೂರು ಔಷಧ. ಬಹಳ ಒಳ್ಳೆಯ ಮಾತ್ರೆ. ದಿನಕ್ಕೆ ಒಂದೇ ಸಲ, ವೈರಸ್ಸನ್ನು ಬೇಗ ಕಟ್ಟಿಹಾಕುತ್ತದೆ. ಇತ್ತ ಸಕ್ಕರೆ ಕಾಯಿಲೆಗೆ ಎಲ್ಲ ಕಡೆ ಮೊದಲು ಕೊಡುವುದು ಮೆಟ್‌ಫಾರ್ಮಿನ್. ಅದೂ ಒಳ್ಳೆಯ ಮಾತ್ರೆ, ಅಗ್ಗದ್ದು. ಆದರೆ ಡೊಲುಟೆಗ್ರಾವಿರ್ ಇರುವ ದೇಹದಲ್ಲಿ ಮೆಟ್‌ಫಾರ್ಮಿನ್ ಬೇಗ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 80 ಶೇಕಡದಷ್ಟು ಏರುತ್ತದೆ. ಹಾಗಾಗಿ ಈ ಎರಡು ಔಷಧವೂ ಜೊತೆಗಿದ್ದರೆ ಮೆಟ್‌ಫಾರ್ಮಿನ್ ದಿನಕ್ಕೆ 1,000 ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ.

ಅಕ್ಕನಿಗೆ ಊರಿನ ಕ್ಲಿನಿಕ್ಕಿನಲ್ಲಿ ಬೆಳಗ್ಗೆ 1,000, ರಾತ್ರಿ 1,000 ಬರೆದಿದ್ದರು. ಸೋಂಕು ಇಲ್ಲದವರಿಗೆ ಅದು ಸರಿಯಾದ ಪ್ರಮಾಣವೇ. ಡಾಕ್ಟರದ್ದು ತಪ್ಪಿಲ್ಲ. ಟ್ರಂಕಿನ ಡಬ್ಬಿಯ ಬಗ್ಗೆ ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ತಿಂಗಳಲ್ಲಿ ಅಕ್ಕನಿಗೆ ಭೇದಿ, ಹೊಟ್ಟೆ ತೊಳೆಸುವುದು, ಊಟ ಸೇರದಿರುವುದು. ಮತ್ತೆ ಅದೇ ಕ್ಲಿನಿಕ್. ಹೊಟ್ಟೆ ಉರಿಗೆ ಗ್ಯಾಸಿನ ಸಿರಪ್ ಕೊಟ್ಟರು. ಸುಸ್ತಿಗೆ ಕಬ್ಬಿಣದ ಮಾತ್ರೆ ಸೇರಿಸಿದರು. ಕ್ಯಾಲ್ಸಿಯಂ ಮೊದಲೇ ಇತ್ತು. ಸಂಜೆ ಏಳೂವರೆಗೆ ಊಟ ಮುಗಿಸುವ ಅಕ್ಕ, ಮರೆತುಹೋಗಬಾರದು ಅಂತ ರಾತ್ರಿ ಹತ್ತಕ್ಕೆ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಲು ಶುರುಮಾಡಿದರು. ಸಿರಪ್, ಕಬ್ಬಿಣ, ಕ್ಯಾಲ್ಸಿಯಂ, ಅದರ ಹಿಂದೆಯೇ ಟಿಎಲ್‌ಡಿ.

ಗ್ಯಾಸಿನ ಸಿರಪ್ಪಿನಲ್ಲಿರುವ ಮೆಗ್ನೀಸಿಯಂ, ಅಲ್ಯೂಮಿನಿಯಂ, ಮಾತ್ರೆಗಳಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ ಇವೆಲ್ಲ ಹೊಟ್ಟೆಯಲ್ಲೇ ಡೊಲುಟೆಗ್ರಾವಿರನ್ನು ಹಿಡಿದುಕೊಂಡುಬಿಡುತ್ತವೆ. ಔಷಧ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಒಂದು ಕಡೆ ಶುಗರ್ ಮಾತ್ರೆ ಜಾಸ್ತಿಯಾಗಿ ಹೊಟ್ಟೆ ಕೆಟ್ಟಿತು. ಕೆಟ್ಟ ಹೊಟ್ಟೆಗೆ ಕೊಟ್ಟ ಔಷಧ ಎಚ್‌ಐವಿ ಮಾತ್ರೆಯ ಕೈ ಕಟ್ಟಿತು. ಆ ವರ್ಷದ ವೈರಲ್ ಲೋಡ್ ಪರೀಕ್ಷೆಯಲ್ಲಿ, ಎಷ್ಟೋ ವರ್ಷದ ನಂತರ, ವೈರಸ್ ಮತ್ತೆ ಕಾಣಿಸಿತು. ಎಆರ್‌ಟಿ ಕೇಂದ್ರದಲ್ಲಿ "ಮಾತ್ರೆ ತಪ್ಪಿಸಿದ್ರಾ?" ಅಂತ ಕೇಳಿದಾಗ ಅಕ್ಕ ಅತ್ತುಬಿಟ್ಟರು. ಇಪ್ಪತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟು ದಿನ ಬಿಟ್ಟರೆ ತಪ್ಪಿಸಿದವರೇ ಅಲ್ಲ ಅವರು.

ಈ ಸಮಸ್ಯೆಗೆ ಪರಿಹಾರ ಎಷ್ಟು ಸುಲಭ ಗೊತ್ತಾ? ಗ್ಯಾಸಿನ ಸಿರಪ್ ಕುಡಿಯುವುದಕ್ಕೆ ಎರಡು ಗಂಟೆ ಮೊದಲು ಅಥವಾ ಕುಡಿದು ಆರು ಗಂಟೆ ಆದ ಮೇಲೆ ಟಿಎಲ್‌ಡಿ ತೆಗೆದುಕೊಂಡರೆ ಸಾಕು. ಕ್ಯಾಲ್ಸಿಯಂ, ಕಬ್ಬಿಣಕ್ಕೂ ಅದೇ ಅಂತರ. ಅಂತರ ಇಡಲು ಆಗದಿದ್ದರೆ ಅವೆರಡನ್ನು ಊಟದ ಜೊತೆಗೆ ಟಿಎಲ್‌ಡಿಯೊಂದಿಗೇ ತೆಗೆದುಕೊಂಡರೂ ನಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ. ಒಂದು ಪೈಸೆ ಖರ್ಚಿಲ್ಲದ ಪರಿಹಾರ. ಆದರೆ ಇದನ್ನು ಹೇಳಬೇಕಾದವರಿಗೆ ಕಿಟಕಿಯ ಮಾತ್ರೆ ಕಾಣಿಸುವುದಿಲ್ಲ. ಕೊಟ್ಟವರಿಗೆ ಟ್ರಂಕಿನ ಮಾತ್ರೆ ಕಾಣಿಸುವುದಿಲ್ಲ.

ಹಾಗಂತ ಯಾರೂ ಇದನ್ನು ಓದಿ ತಮ್ಮಷ್ಟಕ್ಕೆ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಟಿಎಲ್‌ಡಿಯನ್ನಂತೂ ನಿಲ್ಲಿಸಲೇಬೇಡಿ. ನಡುನಡುವೆ ಎಚ್‌ಐವಿ ಔಷಧ ನಿಲ್ಲಿಸಿ ಮತ್ತೆ ಶುರುಮಾಡುವುದರಿಂದ ಸಾವು ಹೆಚ್ಚುತ್ತದೆ, ಹೃದಯದ ತೊಂದರೆಯೂ ಹೆಚ್ಚುತ್ತದೆ ಅಂತ 2006ರಲ್ಲೇ ಸ್ಮಾರ್ಟ್ ಅನ್ನುವ ಪ್ರಯೋಗ ತೋರಿಸಿದೆ.

ಕಿಡ್ನಿಯದ್ದು ಇನ್ನೊಂದು ಸೂಕ್ಷ್ಮ. ಟೆನೊಫೊವಿರ್ ಕೆಲವರ ಕಿಡ್ನಿಗೆ ನಿಧಾನವಾಗಿ ತೊಂದರೆ ಕೊಡಬಹುದು. ಮೂಳೆಯನ್ನೂ ಸವೆಸಬಹುದು. ಬಿಪಿ, ಶುಗರ್ ಇದ್ದವರ ಕಿಡ್ನಿ ಮೊದಲೇ ಸೋತಿರುತ್ತದೆ. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಮೂರನೇ ಪೆಟ್ಟು. ಇದರ ನಡುವೆ ಡೊಲುಟೆಗ್ರಾವಿರ್ ಇನ್ನೊಂದು ಗೊಂದಲ ಹುಟ್ಟಿಸುತ್ತದೆ. ಅದನ್ನು ಶುರುಮಾಡಿದ ಮೊದಲ ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಅಂಶ, ಸ್ವಲ್ಪ ಏರುತ್ತದೆ. ಕಿಡ್ನಿಗೆ ಪೆಟ್ಟಾಗಿ ಏರುವುದಲ್ಲ ಅದು. ಕ್ರಿಯಾಟಿನಿನ್ ಮೂತ್ರಕ್ಕೆ ಹೋಗುವ ಒಂದು ದಾರಿಯನ್ನು ಔಷಧ ಮುಚ್ಚುವುದರಿಂದ ಹಾಗೆ ಕಾಣಿಸುತ್ತದೆ. ವಿಷಯ ಗೊತ್ತಿಲ್ಲದ ಡಾಕ್ಟರಿಗೆ ಸುಮ್ನೆ ಗಾಬರಿ. ಅಥವಾ ಇದಕ್ಕೆ ಉಲ್ಟಾ, ನಿಜವಾಗಿ ಕಿಡ್ನಿ ಸೋಲುತ್ತಿದ್ದರೂ "ಅದು ಮಾತ್ರೆಯಿಂದ ಬಿಡಿ" ಅನ್ನುವ ಉದಾಸೀನ. ಎರಡೂ ಆಗಬಾರದು ಅಂದರೆ ಹಳೆಯ ರಿಪೋರ್ಟುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಅಂತ ಪರೀಕ್ಷಿಸಬೇಕು.

ಮೊದಲ ಸಾಲಿನ ಔಷಧ ಕೆಲಸ ಮಾಡದೆ ರಿಟೊನಾವಿರ್ ಇರುವ ಚಿಕಿತ್ಸೆಗೆ ಹೋದವರು ಇನ್ನಷ್ಟು ಹುಷಾರಾಗಿರಬೇಕು. ಸಿಮ್ವಾಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ಅದರ ಜೊತೆ ಸೇರಿದರೆ ಸ್ನಾಯುಗಳೇ ಕರಗಿ ಕಿಡ್ನಿ ಕೈಕೊಡಬಹುದು. ಉಬ್ಬಸಕ್ಕೆ ಎಳೆದುಕೊಳ್ಳುವ ಕೆಲವು ಸ್ಟೆರಾಯ್ಡ್ ಪಂಪುಗಳೂ, ಉದಾಹರಣೆಗೆ ಬುಡೆಸೊನೈಡ್, ಫ್ಲುಟಿಕಾಸೋನ್, ಅದರ ಜೊತೆ ದೇಹದಲ್ಲಿ ಶೇಖರವಾಗಿ ಮುಖ ಊದಿಸುತ್ತವೆ, ಶುಗರ್ ಏರಿಸುತ್ತವೆ.

ಹೆಂಗಸರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಈ ಪೀಳಿಗೆಯಲ್ಲಿ ಎಷ್ಟೋ ಹೆಂಗಸರಿಗೆ ಸೋಂಕು ಬಂದದ್ದು ಗಂಡನಿಂದ. ಚಿಕ್ಕ ವಯಸ್ಸಿಗೇ ವಿಧವೆಯರಾದವರು, ಒಬ್ಬರೇ ದುಡಿದು ಮಕ್ಕಳನ್ನು ಬೆಳೆಸಿದವರು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಉಳಿದವರಿಗೆ 30 ವರ್ಷಕ್ಕೆ ಹೇಳುವ ತಪಾಸಣೆಯನ್ನು ಇವರಿಗೆ 25ಕ್ಕೇ ಶುರುಮಾಡಿ ಅನ್ನುತ್ತದೆ. ಇದು ಮೊದಲೇ ಸಿಕ್ಕರೆ ತಡೆಯಬಹುದಾದ ಕ್ಯಾನ್ಸರ್. ಅಕ್ಕನನ್ನು "ಯಾವಾಗಾದ್ರೂ ಆ ತಪಾಸಣೆ ಮಾಡಿಸಿದ್ರಾ?" ಅಂತ ಕೇಳಿದೆ. ಯಾರೂ ಹೇಳಿಲ್ಲ ಅಂದರು. ಇಪ್ಪತ್ತು ವರ್ಷ ಆಸ್ಪತ್ರೆಗೆ ಎಡತಾಕಿದ ಹೆಂಗಸು ಅವರು. ಇದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನು ಕ್ಷಯ. ನಮ್ಮ ದೇಶದಲ್ಲಿ ಎಚ್‌ಐವಿ ಇರುವವರ ಜೀವಕ್ಕೆ ಈಗಲೂ ದೊಡ್ಡ ಶತ್ರು ಅದೇ. ಸಕ್ಕರೆ ಕಾಯಿಲೆಯೂ ಕ್ಷಯದ ಅಪಾಯವನ್ನು ಹೆಚ್ಚಿಸುತ್ತದೆ. ಎರಡೂ ಇರುವವರಿಗೆ ಎರಡು ವಾರ ಕೆಮ್ಮು ಬಿಡದಿದ್ದರೆ "ಹವಾ ಬದಲಾಗಿದೆ" ಅಂತ ಕೂರುವಂತಿಲ್ಲ.

ಈ ಐವತ್ತು ದಾಟಿದವರ ಗುಂಪಿನಲ್ಲಿ ಇನ್ನೊಂದು ಥರದವರೂ ಇದ್ದಾರೆ. ಸೋಂಕು ಇರುವುದೇ ತಡವಾಗಿ ಗೊತ್ತಾದವರು. ಅರವತ್ತರ ಅಜ್ಜನೋ ಅಜ್ಜಿಯೋ ತೂಕ ಇಳಿಯುತ್ತಾ ಬಂದರೆ ಶುಗರ್ ನೋಡುತ್ತಾರೆ, ಥೈರಾಯ್ಡ್ ನೋಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ. ಎಚ್‌ಐವಿ ಪರೀಕ್ಷೆ ಕೊನೆಗೆ ನೆನಪಾಗುತ್ತದೆ. ಈ ವಯಸ್ಸಿನವರನ್ನು ಇದನ್ನೆಲ್ಲ ಹೇಗೆ ಕೇಳುವುದು ಅನ್ನುವ ಮುಜುಗರ. ವಯಸ್ಸಾದ ಮೇಲೆ ಚಿಕಿತ್ಸೆ ಶುರುವಾದರೆ ಸಿಡಿ4 ಮೇಲೇರುವುದೂ ನಿಧಾನ.

ಹಾಗಾದರೆ ವ್ಯವಸ್ಥೆ ಎಲ್ಲಿ ಸಡಿಲವಾಗಿದೆ? ನಮ್ಮಲ್ಲಿ ಎಚ್‌ಐವಿಗೂ ಬಿಪಿ, ಶುಗರಿಗೂ ಸರ್ಕಾರದ ಯೋಜನೆ ಇದೆ, ಎರಡಕ್ಕೂ ಉಚಿತ ಮಾತ್ರೆ ಇದೆ. 30 ದಾಟಿದವರಿಗೆಲ್ಲ ಬಿಪಿ, ಶುಗರ್ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದನ್ನೇ ಮನೆ ಬಾಗಿಲಿಗೆ ಒಯ್ಯುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಒಳ್ಳೆಯ ಯೋಜನೆ. ಆದರೆ ಮನೆಗೆ ಬರುವ ಆಶಾ ಕಾರ್ಯಕರ್ತೆ ಅದೇ ಓಣಿಯವರು. ಅವರ ಮುಂದೆ, ಸೊಸೆ ಪಕ್ಕದಲ್ಲಿ ನಿಂತಿರುವಾಗ, "ನಾನು ಇನ್ನೊಂದು ಮಾತ್ರೆ ತಗೋತೀನಿ" ಅಂತ ಅಕ್ಕ ಹೇಗೆ ಹೇಳಿಯಾರು?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಗುಟ್ಟು ಬಿಟ್ಟುಕೊಡಿ ಅಂತ ಇವರನ್ನು ಒತ್ತಾಯಿಸುವ ಬದಲು, ಗುಟ್ಟು ಮೊದಲೇ ಗೊತ್ತಿರುವ ಜಾಗಕ್ಕೆ ಬಿಪಿ, ಶುಗರ್ ಚಿಕಿತ್ಸೆಯನ್ನು ತರಬೇಕು. ಅಂದರೆ ಎಆರ್‌ಟಿ ಕೇಂದ್ರಕ್ಕೆ. ಇವರು ಅಲ್ಲಿಗೆ ಹೇಗೂ ತಿಂಗಳಿಗೋ ಮೂರು ತಿಂಗಳಿಗೋ ಬರುತ್ತಾರೆ. ಅಲ್ಲಿನ ಕೌನ್ಸೆಲರ್ ಹೆಸರು ಹಿಡಿದು ಕರೆಯುತ್ತಾರೆ. ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳಿ ಹಗುರಾಗುತ್ತಾರೆ. ಬಿಪಿ, ಶುಗರ್ ನೋಡಬೇಕು ಅಂತ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) 2021ರ ಮಾರ್ಗಸೂಚಿಯಲ್ಲೂ ಇದೆ. ನೋಡುವುದಷ್ಟೇ ಸಾಲದು. ಶುಗರ್ ಜಾಸ್ತಿ ಬಂದರೆ "ಮೆಡಿಸಿನ್ ಓಪಿಡಿಗೆ ಹೋಗಿ" ಅಂತ ಚೀಟಿ ಕೊಡುವಲ್ಲಿಗೆ ಕಥೆ ಮುಗಿಯಬಾರದು. ಆ ಇನ್ನೊಂದು ಕ್ಯೂನಲ್ಲಿ ನಿಂತರೆ ಕೊನೆಯ ಬಸ್ಸು ಹೋಗುತ್ತದೆ, ಒಂದು ದಿನದ ಕೂಲಿಯಂತೂ ಮೊದಲೇ ಹೋಗಿರುತ್ತದೆ. ಮೆಟ್‌ಫಾರ್ಮಿನ್, ಬಿಪಿಗೆ ಕೊಡುವ ಆಮ್ಲೊಡಿಪಿನ್, ಒಂದು ಸ್ಟಾಟಿನ್, ಈ ಮೂರು ಅಗ್ಗದ ಮಾತ್ರೆ ಟಿಎಲ್‌ಡಿ ಕೊಡುವ ಕಿಟಕಿಯಲ್ಲೇ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ.

ಜೊತೆಗೆ ಕಾನೂನಿನ ಆಸರೆ ಇದೆ ಅನ್ನುವುದೂ ಜನರಿಗೆ ಗೊತ್ತಿರಬೇಕು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಅನ್ನುವ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ವಿಷಯ ಹೇಳುವಂತಿಲ್ಲ. ಏನಾದರೂ ಕೇಳಬೇಕಿದ್ದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಅಕ್ಕನ ವಿಷಯ ಏನಾಯಿತು ಅಂತ ಹೇಳುತ್ತೇನೆ. ಅತ್ತ ದಿನ ಕೌನ್ಸೆಲರ್ ಅವರಿಗೆ ನೀರು ಕೊಟ್ಟು, "ಮುಂದಿನ ವಾರ ಮನೆಯಲ್ಲಿರೋ ಎಲ್ಲಾ ಮಾತ್ರೆ ತಗೊಂಡ್ ಬನ್ನಿ ಅಕ್ಕಾ, ಸಿರಪ್ಪೂ ಸೇರಿಸಿ" ಅಂದರು. ಅಕ್ಕ ಕಿಟಕಿಯದ್ದನ್ನೂ ಟ್ರಂಕಿನದ್ದನ್ನೂ ಒಂದೇ ಕೈಚೀಲಕ್ಕೆ ಹಾಕಿಕೊಂಡು ಹೋದರು. ಡಾಕ್ಟರ್ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರು. ಮೆಟ್‌ಫಾರ್ಮಿನ್ ಅರ್ಧಕ್ಕೆ ಇಳಿಸಿ, ಶುಗರಿಗೆ ಬೇರೆ ಒಂದು ಮಾತ್ರೆ ಸೇರಿಸಿದರು. ಸಿರಪ್ ನಿಲ್ಲಿಸಿದರು. ಕ್ಯಾಲ್ಸಿಯಂ, ಕಬ್ಬಿಣ ಬೆಳಗಿನ ತಿಂಡಿಯ ಹೊತ್ತಿಗೆ, ಟಿಎಲ್‌ಡಿ ರಾತ್ರಿ ಹತ್ತಕ್ಕೇ ಅಂತಾಯಿತು. ಗರ್ಭಕಂಠದ ತಪಾಸಣೆಗೆ ಅದೇ ಆಸ್ಪತ್ರೆಯಲ್ಲಿ ದಿನಾಂಕ ಕೊಟ್ಟರು. ಭೇದಿ ವಾರದಲ್ಲೇ ನಿಂತಿತು. ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟಾಗ ವೈರಸ್ ಕಾಣಿಸಲಿಲ್ಲ.

ಊರಿನ ಕ್ಲಿನಿಕ್ಕಿಗೆ ತೋರಿಸಲು ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟಿದ್ದಾರೆ. ಮೆಟ್‌ಫಾರ್ಮಿನ್ 1,000 ದಾಟಬಾರದು, ನೋವಿನ ಮಾತ್ರೆ, ಗ್ಯಾಸಿನ ಸಿರಪ್ ಕೇಳದೆ ಕೊಡಬೇಡಿ ಅಂತ ಅದರಲ್ಲಿದೆ. ಕೆಳಗೆ ಒಂದು ಫೋನ್ ನಂಬರ್. ಕಾಯಿಲೆಯ ಹೆಸರು ಎಲ್ಲೂ ಇಲ್ಲ. ಆ ಚೀಟಿ ಈಗ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಡಬ್ಬಿಯ ಕೆಳಗೆ ಇದೆ.